ಮಿನಿಟ್ಸ್ ಬರೆಯಲು ಕೂತರೆ ವಾಕ್ಯ ಮುಗಿಯುವುದೇ ಇಲ್ಲ. ಕನ್ನಡ ಬರವಣಿಗೆ ಸುಧಾರಿಸಲು ಎಲ್ಲಿಂದ ಶುರು ಮಾಡಬೇಕು?

ಪೆರ್ಲದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲ ಕಡೆಯವಳು. ನಮ್ಮ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಕಾರ್ಯದರ್ಶಿ. ವಾರಕ್ಕೊಮ್ಮೆ ಸಭೆ ಇರುತ್ತದೆ, ಮಿನಿಟ್ಸ್ ಬರೆಯುವುದು ನನ್ನ ಕೆಲಸ. ಮನೆಯಲ್ಲಿ ತುಳು ಮಾತಾಡುತ್ತೇವೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ್ದೇನೆ. ಪೇಪರ್, ಕಥೆ, ಕಾದಂಬರಿ ಎಲ್ಲ ಓದುತ್ತೇನೆ, ಅದರಲ್ಲಿ ಕಷ್ಟ ಇಲ್ಲ. ಬರೆಯಲು ಕೂತಾಗ ಮಾತ್ರ ವಾಕ್ಯ ಉದ್ದ ಆಗುತ್ತಾ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ.

ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯ ಎಲ್ಲ ಬಾಯಿಪಾಠ ಇದೆ. ಈಗ ಕೇಳಿದರೂ ಹೇಳುತ್ತೇನೆ. ಆದರೆ ಬರೆಯುವಾಗ ಅದು ಹೇಗೆ ಉಪಯೋಗಕ್ಕೆ ಬರಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಒಂದು ಮಾದರಿ ಹಾಕುತ್ತೇನೆ, ನೋಡಿ ಹೇಳಿ:

"12ರ ಭಾನುವಾರ ಅಧ್ಯಕ್ಷರ ಮನೆಯಲ್ಲಿ ಸಭೆ ಸೇರಿ ಹಿಂದಿನ ಸಭೆಯ ವರದಿ ಓದಿ ಅಂಗೀಕರಿಸಲಾಯಿತು ಮತ್ತು ಸಾಲದ ಬಗ್ಗೆ ಚರ್ಚೆ ಮಾಡಿ ಮೂರು ಜನರಿಗೆ ಸಾಲ ಕೊಡುವುದಾಗಿ ತೀರ್ಮಾನಿಸಿ ಬಾಕಿ ಇರುವವರು ಮುಂದಿನ ವಾರ ಕಟ್ಟಬೇಕೆಂದು ಹೇಳಲಾಗಿ ಎಲ್ಲರೂ ಒಪ್ಪಿದ್ದು ಸಭೆ ಮುಕ್ತಾಯವಾಯಿತು."

ಇದನ್ನು ಸರಿಮಾಡುವುದು ಹೇಗೆ? ಮತ್ತೆ ವ್ಯಾಕರಣ ಪುಸ್ತಕ ಹಿಡಿಯಬೇಕಾ?

ಹಳೇ ಮಾಷ್ಟ್ರು

ತಂಗಿ, ಸಂಧಿ ಸಮಾಸ ಸದ್ಯ ಬದಿಗಿರಲಿ. "ಊರಲ್ಲಿ" ಎಂದು ಬರೆಯಲು ಅದು ಲೋಪಸಂಧಿ ಎಂದು ಗೊತ್ತಿರಬೇಕಾಗಿಲ್ಲ. ಕನ್ನಡ ಬಲ್ಲವರ ನಾಲಿಗೆಗೆ ಅದು ತಾನಾಗಿ ಬರುತ್ತದೆ. ನಾನು ಬಹಳ ವರ್ಷ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಕಲಿಸಿದವನು. ಮಕ್ಕಳ ಬರವಣಿಗೆ ಸಂಧಿಯಲ್ಲಿ ಕೆಟ್ಟದ್ದು ಕಡಿಮೆ. ಕ್ರಿಯಾಪದದಲ್ಲಿ ಕೆಟ್ಟದ್ದೇ ಜಾಸ್ತಿ.

ನಿಮ್ಮ ವಾಕ್ಯದಲ್ಲಿ ಎಷ್ಟು ಕೆಲಸ ನಡೆದಿದೆ ನೋಡಿ. ಸೇರಿ, ಓದಿ, ಅಂಗೀಕರಿಸಲಾಯಿತು, ಚರ್ಚೆ ಮಾಡಿ, ತೀರ್ಮಾನಿಸಿ, ಹೇಳಲಾಗಿ, ಒಪ್ಪಿದ್ದು, ಮುಕ್ತಾಯವಾಯಿತು. ಈಗ ಒಂದೊಂದರ ಎದುರು "ಯಾರು?" ಎಂದು ಕೇಳಿ. ಸೇರಿದವರು ಸದಸ್ಯರು. ಓದಿದ್ದು ನೀವು. ತೀರ್ಮಾನಿಸಿದ್ದು ಸಭೆ. ಬಾಕಿ ಕಟ್ಟಬೇಕು ಎಂದು ಹೇಳಿದ್ದು ಯಾರು? ಅಧ್ಯಕ್ಷರೋ, ಖಜಾಂಚಿಯೋ? ವಾಕ್ಯದಲ್ಲಿ ಉತ್ತರ ಇಲ್ಲ. "ಹೇಳಲಾಗಿ" ಎಂಬುದು ಆ ಹೆಸರನ್ನು ನುಂಗಿಬಿಟ್ಟಿದೆ. ಆರು ತಿಂಗಳ ನಂತರ ಬಾಕಿಯ ವಿಷಯದಲ್ಲಿ ತಕರಾರು ಬಂದರೆ ಈ ಪುಸ್ತಕವೇ ಸಾಕ್ಷಿ. ಆಗ ಯಾರು ಹೇಳಿದ್ದು ಎಂದು ತಿಳಿಯಲೇಬೇಕು, ಅಲ್ವಾ?

ಇನ್ನೊಂದು. "ಬಂದು, ಓದಿ, ಮಾಡಿ" ಎಂಬ ರೂಪಗಳಿಗೆ ಸ್ವಂತ ಕರ್ತೃ ಇರುವುದಿಲ್ಲ. ವಾಕ್ಯದ ಕೊನೆಯ ಕ್ರಿಯಾಪದದ ಕರ್ತೃವೇ ಅವುಗಳಿಗೂ ಕರ್ತೃ. "ಟೀಚರ್ ಒಳಗೆ ಬಂದು ಕುರ್ಚಿಯಲ್ಲಿ ಕೂತರು" ಸರಿ, ಬಂದದ್ದೂ ಕೂತದ್ದೂ ಒಬ್ಬರೇ. "ಟೀಚರ್ ಒಳಗೆ ಬಂದು ಮಕ್ಕಳು ಎದ್ದು ನಿಂತರು" ಸರಿಯಲ್ಲ. ಅಲ್ಲಿ "ಬಂದಾಗ" ಅಥವಾ "ಬರುತ್ತಲೇ" ಬೇಕು. ನಿಮ್ಮ ವಾಕ್ಯ ದಾರಿ ತಪ್ಪುವುದು ಇಲ್ಲೇ. ಕೆಲಸ ಮಾಡುವವರು ಬದಲಾಗುತ್ತಾರೆ, ವಾಕ್ಯ ಮಾತ್ರ ಮುಂದುವರಿಯುತ್ತದೆ.

ಹಾಗಾಗಿ ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಕೆಲಸ ಮಾಡುವವರು ಬದಲಾದಲ್ಲಿ ಪೂರ್ಣವಿರಾಮ ಹಾಕಿ. ಹೀಗೆ ಬರುತ್ತದೆ:

"12ರ ಭಾನುವಾರ ಅಧ್ಯಕ್ಷರ ಮನೆಯಲ್ಲಿ ಸಭೆ ನಡೆಯಿತು. ಕಾರ್ಯದರ್ಶಿ ಹಿಂದಿನ ಸಭೆಯ ವರದಿ ಓದಿದರು. ಸಭೆ ಅದನ್ನು ಅಂಗೀಕರಿಸಿತು. ಮೂವರಿಗೆ ಸಾಲ ಕೊಡುವುದೆಂದು ತೀರ್ಮಾನವಾಯಿತು. ಬಾಕಿ ಇರುವವರು ಮುಂದಿನ ವಾರ ಕಟ್ಟಬೇಕೆಂದು ಅಧ್ಯಕ್ಷರು ಹೇಳಿದರು. ಎಲ್ಲರೂ ಒಪ್ಪಿದರು."

"ಮೂರು ಜನ" ತಪ್ಪಲ್ಲ. ಆದರೆ ಮನುಷ್ಯರನ್ನು ಎಣಿಸಲು ಕನ್ನಡದಲ್ಲಿ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಎಂಬ ಚಂದದ ರೂಪಗಳು ಇವೆ. ಆರರಿಂದ ಮೇಲೆ "ಆರು ಮಂದಿ" ಎನ್ನಿ.

ಪಂಚಾಯತ್ ಗುಮಾಸ್ತ

ಮಾಷ್ಟ್ರು ಹೇಳಿದ್ದು ಬಹುಪಾಲು ಒಪ್ಪುತ್ತೇನೆ. ಒಂದು ಕಡೆ ಮಾತ್ರ ಭಿನ್ನಾಭಿಪ್ರಾಯ ಇದೆ. ಕಚೇರಿ ಬರವಣಿಗೆಯಲ್ಲಿ "ಅಂಗೀಕರಿಸಲಾಯಿತು, ತೀರ್ಮಾನಿಸಲಾಯಿತು" ಬೇಕೇ ಬೇಕು. ತೀರ್ಮಾನ ಒಬ್ಬರದ್ದಲ್ಲ, ಇಡೀ ಸಭೆಯದ್ದು. ಅಲ್ಲಿ ಹೆಸರು ಹಾಕಿದರೆ ಅವರೊಬ್ಬರೇ ತೀರ್ಮಾನ ಮಾಡಿದ ಹಾಗೆ ಆಗುತ್ತದೆ. ನಾವು ದಿನಾ ಬರೆಯುವುದು ಹಾಗೆಯೇ.

ಹಳೇ ಮಾಷ್ಟ್ರು

ನ್ಯಾಯದ ಮಾತು. ಎಲ್ಲರೂ ಸೇರಿ ಮಾಡಿದ ಕೆಲಸಕ್ಕೆ "ಲಾಯಿತು" ಇರಲಿ. ಒಬ್ಬರು ಹೇಳಿದ್ದಕ್ಕೆ, ಒಬ್ಬರು ಕೊಟ್ಟದ್ದಕ್ಕೆ, ಒಬ್ಬರು ಪಡೆದದ್ದಕ್ಕೆ ಬೇಡ. "5,000 ರೂಪಾಯಿ ನೀಡಲಾಯಿತು" ಎಂದು ಬರೆದು ಕೊಟ್ಟವರ ಹೆಸರೂ ಪಡೆದವರ ಹೆಸರೂ ಇಲ್ಲದಿದ್ದರೆ ಆ ವಾಕ್ಯದಿಂದ ಏನು ಪ್ರಯೋಜನ?

"ಲಾಯಿತು" ಬಳಸುವಾಗ "ಅನ್ನು" ಬಿಡಬೇಡಿ. "ವರದಿಯನ್ನು ಅಂಗೀಕರಿಸಲಾಯಿತು." ಆಡುಮಾತಿನಲ್ಲಿ ವಸ್ತುಗಳಿಗೆ "ಅನ್ನು" ಬಿಟ್ಟರೂ ನಡೆಯುತ್ತದೆ. ಪುಸ್ತಕ ಓದಿದೆ, ಅನ್ನ ಉಂಡೆ, ಕಂಗು (ಅಡಿಕೆ ಮರ) ನೆಟ್ಟೆ. ಮನುಷ್ಯರ ವಿಷಯದಲ್ಲಿ ಬಿಡಲು ಆಗುವುದಿಲ್ಲ. "ಖಜಾಂಚಿ ಕರೆದರು" ಎಂದರೆ ಖಜಾಂಚಿಯೇ ಯಾರನ್ನೋ ಕರೆದರು ಎಂದಾಗುತ್ತದೆ. "ಖಜಾಂಚಿಯನ್ನು ಕರೆದರು" ಎಂದರೆ ಬೇರೆ ಅರ್ಥ.

ಚಂದ್ರಗಿರಿ ದಂಡೆ

ಸರ್, ನಾನು ಡಿಎಲ್‌ಎಡ್ (ಶಿಕ್ಷಕ ತರಬೇತಿ) ವಿದ್ಯಾರ್ಥಿನಿ. ಒಂದು ಸಂಶಯ. "ಮಳೆ ಬಂದು ಹೊಳೆ ತುಂಬಿತು" ಎಂದು ಎಲ್ಲರೂ ಹೇಳುತ್ತಾರೆ, ಬರೆಯುತ್ತಾರೆ. ಬಂದದ್ದು ಮಳೆ, ತುಂಬಿದ್ದು ಹೊಳೆ. ಕರ್ತೃ ಎರಡು. ನಿಮ್ಮ ನಿಯಮದ ಪ್ರಕಾರ ಇದು ತಪ್ಪಾಗಬೇಕಲ್ಲ?

ಹಳೇ ಮಾಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ. ಅದು ತಪ್ಪಲ್ಲ. "ಗಾಳಿ ಬೀಸಿ ಕಂಗು ಬಿತ್ತು" ಕೂಡ ತಪ್ಪಲ್ಲ. ಮೊದಲನೆಯದು ಎರಡನೆಯದಕ್ಕೆ ನೇರ ಕಾರಣ ಆಗಿದ್ದರೆ, ಎರಡೂ ತಾನಾಗಿ ಆಗುವ ಸಂಗತಿಗಳಾಗಿದ್ದರೆ, ಕನ್ನಡ ಈ ಜೋಡಣೆಯನ್ನು ಒಪ್ಪುತ್ತದೆ. ಮಳೆ ಬಂದದ್ದರಿಂದಲೇ ಹೊಳೆ ತುಂಬಿತು. ಮಕ್ಕಳು ಎದ್ದು ನಿಂತದ್ದು ಹಾಗಲ್ಲ, ಅವರು ಮನಸ್ಸು ಮಾಡಿ ಎದ್ದರು. ನಿಮ್ಮ ಕಿವಿಗೇ ಆ ವ್ಯತ್ಯಾಸ ಗೊತ್ತಾಗುತ್ತದೆ, ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ. ಇಂಥ ಪ್ರಶ್ನೆ ಕೇಳುವವರು ಟೀಚರ್ ಆಗಬೇಕು.

ಪೆರ್ಲದ ಕಾರ್ಯದರ್ಶಿ

ಮಾಷ್ಟ್ರೇ, ತುಂಬಾ ಉಪಕಾರ ಆಯಿತು. ಹಳೆಯ ಪುಟಗಳನ್ನೆಲ್ಲ ತೆಗೆದು "ಯಾರು?" ಅಂತ ಕೇಳುತ್ತಾ ಕೂತೆ. ಎಷ್ಟೋ ಕಡೆ ಉತ್ತರ ಸಿಗಲಿಲ್ಲ.

ಇನ್ನೊಂದು ವಿಷಯ. ನಮ್ಮ ಕಡೆ "ಉಂಟು" ಎನ್ನುತ್ತೇವೆ. "ನಾಳೆ ಬ್ಯಾಂಕಿಗೆ ಹೋಗ್ಲಿಕ್ಕುಂಟು" ಎನ್ನುತ್ತೇವೆ. ಬರೆಯುವಾಗ ಇದೆಲ್ಲ ತಪ್ಪಾ? ಬೆಂಗಳೂರಿನ ನಾದಿನಿ ನಾನು "ಉಂಟು" ಎಂದಾಗಲೆಲ್ಲ ತಿದ್ದುತ್ತಾಳೆ.

ಕುಂಬಳೆ ವರದಿಗಾರ

ಅಕ್ಕ, "ಉಂಟು" ಅಚ್ಚ ಕನ್ನಡ. ಹಳಗನ್ನಡದಿಂದಲೂ ಇರುವ ಪದ. ಅದನ್ನು ತಪ್ಪು ಎನ್ನಲು ಯಾರಿಗೂ ಹಕ್ಕಿಲ್ಲ. ನಾನು ಪತ್ರಿಕೆಗೆ ಸುದ್ದಿ ಕಳಿಸುವಾಗ "ಇದೆ" ಎಂದು ಬರೆಯುತ್ತೇನೆ. ಬೀದರಿನಲ್ಲಿ ಓದುವವರಿಗೂ ಚಾಮರಾಜನಗರದಲ್ಲಿ ಓದುವವರಿಗೂ ಒಂದೇ ಹಾಗೆ ಮುಟ್ಟಲಿ ಎಂಬುದು ಕಾರಣ. ಊರಿನ ಮಾತು ಕೀಳು ಎಂಬುದು ಕಾರಣವಲ್ಲ. ಈ ಎರಡನ್ನೂ ಬೆರೆಸಿ ಹೇಳಿದ್ದರಿಂದಲೇ ನಮ್ಮ ಎಷ್ಟೋ ಮಕ್ಕಳು ಬರೆಯಲು ಹೆದರುತ್ತಾರೆ.

ಅಪಾಯ ಇರುವುದು "ಲಿಕ್ಕಿಲ್ಲ" ಎಂಬಲ್ಲಿ. ನಮ್ಮಲ್ಲಿ "ನಾಳೆ ಶಾಲೆಗೆ ಹೋಗ್ಲಿಕ್ಕಿಲ್ಲ" ಎಂದರೆ ಹೋಗಬೇಕಾಗಿಲ್ಲ, ರಜೆ. "ಅವರು ಇವತ್ತು ಬರ್ಲಿಕ್ಕಿಲ್ಲ" ಎಂದರೆ ಬರುವುದು ಸಂಶಯ. ರೂಪ ಒಂದೇ, ಅರ್ಥ ಎರಡು. ಮಾತಿನಲ್ಲಿ ದನಿ ಅರ್ಥ ಹೇಳುತ್ತದೆ, ಕಾಗದದಲ್ಲಿ ದನಿ ಇಲ್ಲ. "ಮುಂದಿನ ಸಭೆಗೆ ಇಬ್ಬರು ಬರಲಿಕ್ಕಿಲ್ಲ" ಎಂದು ನೀವು ಬರೆದರೆ ಅವರಿಗೆ ವಿನಾಯಿತಿ ಕೊಟ್ಟದ್ದೋ, ಬರುವುದು ಸಂಶಯವೋ? ಬರೆಯುವಾಗ ಬಿಡಿಸಿ. "ಬರಬೇಕಾಗಿಲ್ಲ" ಅಥವಾ "ಬರುವುದು ಸಂಶಯ". ಹಾಗೆಯೇ "ಹೋಗ್ಲಿಕ್ಕುಂಟು" ಬರವಣಿಗೆಯಲ್ಲಿ "ಹೋಗಬೇಕಾಗಿದೆ".

ಸುದ್ದಿ ಬರೆಯುವವನಾಗಿ ಇನ್ನೊಂದು ಹೇಳುತ್ತೇನೆ. "ತನ್ನ" ಮತ್ತು "ಅವನ" ಬೇರೆ ಬೇರೆ. "ಅಧ್ಯಕ್ಷರು ಖಜಾಂಚಿಯನ್ನು ಕರೆದು ಅವರ ಪುಸ್ತಕ ತೋರಿಸಿದರು" ಎಂದರೆ ಪುಸ್ತಕ ಯಾರದ್ದು? "ತಮ್ಮ ಪುಸ್ತಕ" ಎಂದರೆ ಅಧ್ಯಕ್ಷರದ್ದು ಎಂದು ತಕ್ಷಣ ತಿಳಿಯುತ್ತದೆ. ಖಜಾಂಚಿಯದ್ದಾದರೆ "ಖಜಾಂಚಿಯ ಪುಸ್ತಕ" ಎಂದೇ ಬರೆಯಬೇಕು. ಮತ್ತೆ "ಅಧ್ಯಕ್ಷರು ತನ್ನ ಅಭಿಪ್ರಾಯ ತಿಳಿಸಿದರು" ಎಂದು ಬರೆಯುವವರು ಬಹಳ. ಗೌರವ ಕೊಟ್ಟು "ರು" ಹಾಕಿದ ಮೇಲೆ "ತಮ್ಮ" ಎಂದೇ ಆಗಬೇಕು. ಒಂದೇ ವಾಕ್ಯದಲ್ಲಿ ಗೌರವ ಕೊಟ್ಟು ತೆಗೆಯುವುದು ಓದುವವರಿಗೆ ಚುಚ್ಚುತ್ತದೆ.

ಕಂಗಿನ ತೋಟ

ನಾನು ಹವ್ಯಕ ಮನೆಯವನು, ನೀರ್ಚಾಲು ಕಡೆ. ನಮ್ಮ ಮನೆಮಾತಿನಲ್ಲಿ "ಅಕ್ಕ ಬಂತು" ಎನ್ನುತ್ತೇವೆ. ಹೆಂಗಸರಿಗೆ "ಅದು" ಎಂದೇ ಹೇಳುವುದು. ನಮಗೆ ಅದರಲ್ಲಿ ಅಗೌರವ ಏನೂ ಇಲ್ಲ, ಆ ನುಡಿಯ ಕ್ರಮವೇ ಹಾಗೆ. ಆದರೆ ಮಕ್ಕಳು ಶಾಲೆಯ ಪ್ರಬಂಧದಲ್ಲೂ "ಟೀಚರ್ ಬಂತು" ಎಂದು ಬರೆದರೆ ಹೊರಗಿನವರಿಗೆ ಕಸಿವಿಸಿ ಆಗುತ್ತದೆ. ನನ್ನ ಮಗಳಿಗೆ ನಾನು ಹೇಳಿಕೊಟ್ಟದ್ದು ಇಷ್ಟು. ಮನೆಯ ವಾಕ್ಯ ಮನೆಗೆ, ಪುಸ್ತಕದ ವಾಕ್ಯ ಪುಸ್ತಕಕ್ಕೆ. ಎರಡೂ ಪೂರ್ತಿಯಾಗಿ ಬರಬೇಕು. ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಇನ್ನು ಈ "ನಾವು" ಎಂಬುದರ ಬಗ್ಗೆ ಮಾಷ್ಟ್ರು ಏನು ಹೇಳುತ್ತಾರೋ ಗೊತ್ತಿಲ್ಲ. ನಮ್ಮಲ್ಲಿ ಕೇಳುವವರನ್ನು ಬಿಟ್ಟು ಹೇಳುವಾಗ "ಎಂಗೊ", ಸೇರಿಸಿ ಹೇಳುವಾಗ "ನಾವು". ತುಳುವಿನಲ್ಲಿ "ಎಂಕುಲು", "ನಮ". ಮಲಯಾಳಂನಲ್ಲಿ "ಞಙ್ಙಳ್", "ನಮ್ಮಳ್". ಬರೆಯುವ ಕನ್ನಡದಲ್ಲಿ ಎರಡಕ್ಕೂ "ನಾವು" ಒಂದೇ. ಗಡಿನಾಡಿನ ನಮಗೆ ಆ ಭೇದ ತಲೆಯೊಳಗೆ ಇರುತ್ತದೆ, ಓದುವವರಿಗೆ ಅದು ಕಾಣುವುದಿಲ್ಲ. ಪಂಚಾಯತಿಗೆ "ನಾವು ಈ ಕೆಲಸ ಮುಗಿಸಬೇಕು" ಎಂದು ಬರೆದರೆ ಯಾರು ಮುಗಿಸಬೇಕು? ಕಾರ್ಯದರ್ಶಿ ಅಕ್ಕ "ನಮ್ಮ ಘಟಕ" ಎಂದೇ ಬರೆಯುವುದು ಒಳ್ಳೆಯದು.

ಹಳೇ ಮಾಷ್ಟ್ರು

ಸರಿಯಾಗಿ ಹೇಳಿದಿರಿ ಭಟ್ರೇ, ಇದು ನನಗೆ ಹೊಳೆದಿರಲಿಲ್ಲ.

ಚಂದ್ರಗಿರಿ ದಂಡೆ

ನನ್ನ ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಮಾಧ್ಯಮ. ಮಲಯಾಳಂ ಮನೆಯ ಮಕ್ಕಳಿಗೆ ಕನ್ನಡ ಬರೆಯುವಾಗ ಎಲ್ಲಿ ಎಡವುತ್ತದೆ ಎಂದು ಹೇಳಬಲ್ಲೆ. ಮಲಯಾಳಂನಲ್ಲಿ ಕ್ರಿಯಾಪದ ಬದಲಾಗುವುದೇ ಇಲ್ಲ. ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಎಲ್ಲದಕ್ಕೂ "ವನ್ನು". ಕನ್ನಡದಲ್ಲಿ ಬಂದನು, ಬಂದಳು, ಬಂದರು, ಬಂದಿತು, ಬಂದವು. ತುಳು ಮನೆಯ ಮಕ್ಕಳಿಗೆ ಇದು ಸುಲಭ, ಅವರಲ್ಲಿ ಆಯೆ ಬತ್ತೆ, ಅಕುಲು ಬತ್ತೆರ್ ಎಂದು ಮೊದಲೇ ಬದಲಾಗುತ್ತದೆ.

ನಮ್ಮ ಮಕ್ಕಳಿಗೆ ಜಾಸ್ತಿ ಕಷ್ಟ "ಬಂದವು" ಎಂಬುದರಲ್ಲಿ. "ಪುಸ್ತಕಗಳು ಬಂತು" ಎಂದು ಎಲ್ಲರೂ ಮಾತಾಡುತ್ತಾರೆ. ಬರೆಯುವಾಗ ಮಾತ್ರ "ಬಂದವು". ನಾನು ಪಾಠಮಾಡುವ ಅಭ್ಯಾಸಕ್ಕೆ ಹೋದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಮಕ್ಕಳಿಗೆ ಒಂದು ಆಟ ಮಾಡಿಸಿದೆ. ಕರಿಹಲಗೆಯಲ್ಲಿ ಒಂದೇ ವಾಕ್ಯ, ಕರ್ತೃ ಖಾಲಿ. "____ ಮರದ ಕೆಳಗೆ ಕೂತಿದ್ದವು." ಮಕ್ಕಳು ಅಲ್ಲಿಗೆ ಏನು ಹೊಂದುತ್ತದೆ ಎಂದು ಹುಡುಕಬೇಕು. ಕ್ರಿಯಾಪದ ನೋಡಿ ಕರ್ತೃ ಊಹಿಸುವುದು. ದನಗಳು, ನಾಯಿಗಳು, ಕಾಗೆಗಳು ಎಂದು ಕೂಗಿದರು. ಒಬ್ಬ "ಹುಡುಗರು" ಎಂದ ಕೂಡಲೇ ಉಳಿದವರೇ "ಕೂತಿದ್ದರು ಆಗಬೇಕು" ಎಂದರು. ನಾನು ಒಂದು ನಿಯಮವನ್ನೂ ಹೇಳಿರಲಿಲ್ಲ.

ಮಲಯಾಳಂ ತೊಂದರೆ ಮಾತ್ರ ಕೊಡುತ್ತದೆ ಎಂದು ಯಾರೂ ತಿಳಿಯಬೇಡಿ. "ಅಲ್ಲ" ಎಲ್ಲಿ, "ಇಲ್ಲ" ಎಲ್ಲಿ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಲಯಾಳಂನಲ್ಲೂ ಅದೇ ಅಲ್ಲ, ಇಲ್ಲ. ತುಳುವಿನಲ್ಲಿ ಅತ್ತ್, ಇಜ್ಜಿ.

ಉಪ್ಪಳ ಗೇಟ್

ಎಲ್ಲ ಓದಿದೆ. ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ನಮ್ಮದು ಏಳೆಂಟು ಭಾಷೆ ಬೆರೆತ ಊರು. ಮನೆಯಲ್ಲಿ ಕನ್ನಡ ಮಾತಾಡದವರು ಎಷ್ಟು ಕಲಿತರೂ ಧಾರವಾಡದವರ ಹಾಗೆ, ಮೈಸೂರಿನವರ ಹಾಗೆ ಬರೆಯಲು ಸಾಧ್ಯವಾ? ಕಾಲೇಜಿನಲ್ಲಿ ಒಬ್ಬರು ನನ್ನ ಮುಖಕ್ಕೇ ಹೇಳಿದ್ದರು, ನಿಮ್ಮ ಕಡೆಯವರಿಗೆ ಕನ್ನಡ ಕಲಿತ ಭಾಷೆ, ಹುಟ್ಟಿದ ಭಾಷೆ ಅಲ್ಲ ಅಂತ.

ಕುಂಬಳೆ ವರದಿಗಾರ

ತಮ್ಮಾ, ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು, ಅವರು ಬರೆದ ಕನ್ನಡಕ್ಕಾಗಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ಕನ್ನಡದಲ್ಲಿ ಕವಿತೆ ಬರೆದರು, ಮಕ್ಕಳಿಗೆ ಕನ್ನಡ ಕಲಿಸಿದರು. ನೂರು ವರ್ಷ ಬದುಕಿ 2015ರಲ್ಲಿ ತೀರಿಹೋದರು. ಇವರಿಬ್ಬರಿಗೂ ಕನ್ನಡ ಕಲಿತ ಭಾಷೆಯೇ. ನಿಮಗೆ ಹಾಗೆ ಹೇಳಿದವರಿಗೆ ಈ ನೆಲದ ಚರಿತ್ರೆ ಗೊತ್ತಿಲ್ಲ. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬರೆಯುವುದನ್ನು ನಿಲ್ಲಿಸಬೇಡಿ.

ಜತ್ತದಿಂದ

ಸಾಂಗ್ಲಿ ಜಿಲ್ಲೆಯ ಜತ್ತದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ "ಮಾಡಾಕತ್ತೀನಿ" ಅಂತೀವಿ. ಬರೆಯುವಾಗ "ಮಾಡುತ್ತಿದ್ದೇನೆ". ಸುತ್ತಲೂ ಮರಾಠಿ. ಅಂಗಡಿ ಬೋರ್ಡು, ಬಸ್ಸು, ಆಸ್ಪತ್ರೆ ಚೀಟಿ ಎಲ್ಲ ಮರಾಠಿ. ಕನ್ನಡ ಶಾಲೆಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಬರೆದ ಕನ್ನಡ ಕಣ್ಣಿಗೆ ಬೀಳುವುದೇ ಅಪರೂಪ. ಅದಕ್ಕೆ ನಾವು ಪೇಪರಿನ ಒಂದು ಪುಟ ದಿನಾ ಗಟ್ಟಿಯಾಗಿ ಓದಿಸುತ್ತೇವೆ. ಅಷ್ಟೇ ನಮ್ಮ ಉಪಾಯ.

ತಾಳವಾಡಿ ಕನ್ನಡತಿ

ಈರೋಡು ಜಿಲ್ಲೆಯ ತಾಳವಾಡಿಯಿಂದ. ನಮ್ಮ ಮಕ್ಕಳಿಗೆ ಕಷ್ಟ ಬರುವುದು ಮಹಾಪ್ರಾಣದಲ್ಲಿ. ತಮಿಳು ಬರಹದಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತಮಿಳನ್ನೂ ಕನ್ನಡವನ್ನೂ ಒಟ್ಟಿಗೆ ಬರೆಯಲು ಕಲಿಯುವ ಮಗು "ಬಾರತ, ಬಾಷೆ, ಅದ್ಯಕ್ಷ, ಮದ್ಯಾಹ್ನ" ಎಂದು ಬರೆದರೆ ಆಶ್ಚರ್ಯ ಇಲ್ಲ. ಬರೀ ತಿದ್ದಿ ತಿದ್ದಿ ಕೊಟ್ಟರೆ ಅವರು ಹೆದರಿ ಸಿಕ್ಕಲ್ಲೆಲ್ಲ ಮಹಾಪ್ರಾಣ ಹಾಕುತ್ತಾರೆ. "ಉಧ್ಘಾಟನೆ", "ಹಾರ್ಧಿಕ", "ಧೊಡ್ಡ". ಇದು ಗಡಿಯ ಮಕ್ಕಳ ತೊಂದರೆ ಮಾತ್ರ ಅಲ್ಲ. ಬೆಂಗಳೂರಿನ ಫ್ಲೆಕ್ಸುಗಳಲ್ಲೂ "ಹಾರ್ಧಿಕ ಶುಭಾಷಯ" ನೋಡಿದ್ದೇನೆ. ಸರಿಯಾದದ್ದು ಹಾರ್ದಿಕ ಶುಭಾಶಯ.

ನಾನು ಮಕ್ಕಳಿಗೆ ಎರಡು ದಾರಿ ಹೇಳುತ್ತೇನೆ. ಅಡುಗೆಮನೆಯ, ಹೊಲದ, ಮೈಕೈಯ ಹಳೆಯ ಕನ್ನಡ ಪದಗಳಲ್ಲಿ ಮಹಾಪ್ರಾಣ ಇರುವುದಿಲ್ಲ. ಬೆಲ್ಲ, ಗದ್ದೆ, ಕಣ್ಣು, ದನ, ತೋಟ, ದೊಡ್ಡ, ಬೆಟ್ಟ. ಅಲ್ಲಿ ಹಾಕಲೇಬೇಡಿ. ಭತ್ತದಂಥ ಕೆಲವು ಪದಗಳು ಸಂಸ್ಕೃತದಿಂದ ಬಂದು ಮನೆಯದೇ ಆಗಿಬಿಟ್ಟಿವೆ. ಅವನ್ನು ಬೇರೆಯಾಗಿ ನೆನಪಿಡಬೇಕು. ಎರಡನೆಯದು, ಪದವನ್ನು ಒಂಟಿಯಾಗಿ ಕಲಿಯದೆ ಅದರ ಬಳಗದೊಂದಿಗೆ ಕಲಿಯುವುದು. ಭಾಷೆ, ಭಾಷಣ, ಸಂಭಾಷಣೆ, ಭಾಷಾಂತರ. ಮಧ್ಯ, ಮಧ್ಯಾಹ್ನ, ಮಾಧ್ಯಮ, ಮಧ್ಯಸ್ಥ. ಒಂದರಲ್ಲಿ ಅಕ್ಷರ ಗಟ್ಟಿಯಾದರೆ ಉಳಿದವುಗಳಲ್ಲೂ ನಿಲ್ಲುತ್ತದೆ. ಮದ್ಯ ಎಂದರೆ ಹೆಂಡ ಎಂದು ಗೊತ್ತಾದ ಮೇಲೆ ನಮ್ಮ ಯಾವ ಹುಡುಗನೂ "ಮದ್ಯಾಹ್ನ" ಬರೆದಿಲ್ಲ.

ಕಂಗಿನ ತೋಟ

ಗಟ್ಟಿಯಾಗಿ ಓದುವುದು ಎಂದಾಗ ನೆನಪಾಯಿತು. ಕಾಸರಗೋಡಿನವರು ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನ, ಕೇಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಮ್ಮಲ್ಲೇ ಇದೆ. ಅರ್ಥಧಾರಿಗಳಲ್ಲಿ ಎಷ್ಟೋ ಜನರ ಮನೆಮಾತು ತುಳು, ಹವ್ಯಕ, ಮರಾಠಿ. ಪದ್ಯ ಮುಗಿದ ಕೂಡಲೇ ಕಾಗದ ಇಲ್ಲದೆ ಅರ್ಥ ಹೇಳುತ್ತಾರೆ. ಒಂದು ಇಂಗ್ಲಿಷ್ ಪದ ಬರಬಾರದು ಎಂಬ ರೂಢಿ ಬೇರೆ. ಎಷ್ಟು ಉದ್ದದ ವಾಕ್ಯ ಆದರೂ ಕ್ರಿಯಾಪದ ಕರ್ತೃವಿಗೆ ಸರಿಯಾಗಿ ಬಂದು ಕೂರುತ್ತದೆ. ರಾತ್ರಿಯಿಡೀ ಕೂತು ಕೇಳಿದವರ ಕಿವಿಗೆ ಕನ್ನಡ ವಾಕ್ಯದ ನಡಿಗೆ ಹತ್ತಿಬಿಡುತ್ತದೆ.

ಪಂಚಾಯತ್ ಗುಮಾಸ್ತ

ತಾಳಮದ್ದಳೆ ನನಗೂ ಪ್ರಾಣ. ಆದರೆ ಆ ಭಾಷೆಯಲ್ಲಿ ಅರ್ಜಿ ಬರೆದು ತರುವವರನ್ನು ನೋಡುತ್ತೇನೆ. ನಾಲ್ಕು ಸಾಲು ಹೊಗಳಿಕೆ, ಮೂರು ಸಾಲು ಸಂಸ್ಕೃತ, ಕೊನೆಗೆ ಬೇಕಾದದ್ದು ಏನು ಎಂದು ನಾವೇ ಹುಡುಕಬೇಕು. ಕಿವಿ ತಯಾರಾಗಲು ಕೇಳಲಿ. ಪದ ಮಾತ್ರ ಅಲ್ಲಿಂದ ತರುವುದು ಬೇಡ.

ಕಂಗಿನ ತೋಟ

ಒಪ್ಪಿದೆ. ನಾನು ಹೇಳಿದ್ದೂ ಕಿವಿಯ ವಿಷಯವೇ.

ಉಪ್ಪಳ ಗೇಟ್

ವರದಿಗಾರರೇ, ನಿಮ್ಮ ಮಾತು ಓದಿ ಧೈರ್ಯ ಬಂತು. ಒಂದು ಕೇಳುತ್ತೇನೆ. ನಾನು ಫೋನಿನಲ್ಲಿ ಮಾತಾಡಿ ಬರೆಸುತ್ತೇನೆ. ಬೆರಳಲ್ಲಿ ಟೈಪ್ ಮಾಡುವುದಕ್ಕಿಂತ ವಾಕ್ಯ ಚೆನ್ನಾಗಿ ಬರುತ್ತದೆ ಅನ್ನಿಸುತ್ತದೆ. ಹಾಗೆ ಮಾಡಿದರೆ ಕಲಿಕೆ ಆಗುತ್ತದಾ?

ಹಳೇ ಮಾಷ್ಟ್ರು

ಆಗುತ್ತದೆ, ಅಲ್ಲಿಗೇ ನಿಲ್ಲಿಸದಿದ್ದರೆ. ಬಾಯಲ್ಲಿ ಹೇಳುವಾಗ ಎದುರಿಗೆ ಒಬ್ಬರು ಕೂತ ಹಾಗೆ ಹೇಳುತ್ತೇವೆ, ಅದಕ್ಕೇ ವಾಕ್ಯ ಸರಳವಾಗಿ ಬರುತ್ತದೆ. ಫೋನ್ ಬರೆದುಕೊಟ್ಟದ್ದನ್ನು ಕೈಯಲ್ಲಿ ಒಮ್ಮೆ ಕಾಗದಕ್ಕೆ ಇಳಿಸಿ. ಬರೆಯುತ್ತಾ ಪೂರ್ಣವಿರಾಮ ಹಾಕಿ, "ಲಿಕ್ಕುಂಟು" ಬಿಡಿಸಿ, "ಯಾರು?" ಕೇಳಿ. ದಿನಾ ಐದು ವಾಕ್ಯ ಸಾಕು. ಇವತ್ತು ಅಂಗಡಿಯಲ್ಲಿ ಏನಾಯಿತು, ಬಸ್ಸಿನಲ್ಲಿ ಯಾರು ಸಿಕ್ಕಿದರು, ಅಷ್ಟೇ. "ನನ್ನ ನೆಚ್ಚಿನ ಋತು" ಎಂಬ ಪ್ರಬಂಧ ಬರೆಯಬೇಡಿ. ಅಲ್ಲಿ ಎಲ್ಲರೂ ಬೇರೆಯವರ ವಾಕ್ಯ ಬರೆಯುತ್ತಾರೆ, ತಮ್ಮದನ್ನು ಬರೆಯುವುದಿಲ್ಲ.

ಒಬ್ಬ ಓದುಗ ಬೇಕು. ತಿದ್ದುವವರು ಅಲ್ಲ, ಓದಿ "ಇಲ್ಲಿ ನನಗೆ ಅರ್ಥ ಆಗಲಿಲ್ಲ" ಎಂದು ಹೇಳುವವರು. ಅದು ಹೆಂಡತಿ ಆಗಬಹುದು, ಪಕ್ಕದ ಮನೆಯ ಹೈಸ್ಕೂಲ್ ಮಗು ಆಗಬಹುದು.

ನಿಘಂಟಿನ ಬಗ್ಗೆ ಒಂದು ಮಾತು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದರಲ್ಲಿ ಕನ್ನಡ ಪದದ ಜೊತೆಗೆ ತುಳು, ಮಲಯಾಳಂ, ತಮಿಳು, ತೆಲುಗಿನ ಸಂಬಂಧಿ ಪದಗಳೂ ಇವೆ. ಅರ್ಥ ಇಂಗ್ಲಿಷಿನಲ್ಲಿ ಕೊಟ್ಟಿದ್ದಾರೆ. ಅಷ್ಟು ಇಂಗ್ಲಿಷ್ ಬಲ್ಲ ಗಡಿನಾಡಿನವರಿಗೆ ಅದರಷ್ಟು ಸಂತೋಷ ಕೊಡುವ ಪುಸ್ತಕ ನಾನು ಬೇರೆ ಕಂಡಿಲ್ಲ. ಕೇಶಿರಾಜನ ವ್ಯಾಕರಣದಿಂದ ಶುರು ಮಾಡುತ್ತೇನೆ ಎಂದು ಕೆಲವರು ಹೊರಡುತ್ತಾರೆ. ಅದು 13ನೇ ಶತಮಾನದ್ದು, ಹಳಗನ್ನಡದ ವ್ಯಾಕರಣ. ಓದಲೇಬೇಕಾದದ್ದು, ಆದರೆ ಮಿನಿಟ್ಸ್ ಬರೆಯುವುದಕ್ಕೆ ಅಲ್ಲ.

ಪೆರ್ಲದ ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆ. ಈ ವಾರದ ಮಿನಿಟ್ಸ್ ಒಂದೂವರೆ ಪುಟ ಆಗುವುದು ಮುಕ್ಕಾಲು ಪುಟಕ್ಕೆ ಮುಗಿಯಿತು. ಓದಿ ಹೇಳಿದಾಗ ಖಜಾಂಚಿ ಅಕ್ಕ "ಎಲ್ಲ ಬಂತಲ್ಲ" ಎಂದರು.

ಈಗ ಪಂಚಾಯತಿಗೆ ಒಂದು ಅರ್ಜಿ ಬರೆಯಬೇಕು. ಸಭಾಂಗಣ ಕೇಳಲಿಕ್ಕೆ. ಮಲಯಾಳಂನಲ್ಲೇ ಬರೆಯಬೇಕು ಎಂದು ಕೆಲವರು ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆದಿದ್ದೇನೆ:

"ಮಾನ್ಯರೇ, ನಮ್ಮ ಘಟಕದ ಹನ್ನೆರಡು ಸದಸ್ಯೆಯರು ಹೊಲಿಗೆ ಕಲಿಯಲು ಆಸಕ್ತರಾಗಿರುವುದರಿಂದ ಹಾಗೂ ಕಲಿಸಲು ಒಬ್ಬ ಟೀಚರ್ ಒಪ್ಪಿರುವುದರಿಂದ ಆದರೆ ಸ್ಥಳದ ಅಭಾವ ಇರುವುದರಿಂದ ತಾವು ದಯವಿಟ್ಟು ಸಭಾಂಗಣವನ್ನು ನೀಡಿ ಸಹಕರಿಸಬೇಕಾಗಿ ವಿನಂತಿ."

ಪಂಚಾಯತ್ ಗುಮಾಸ್ತ

ಮೊದಲು ಕಾನೂನಿನ ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಧೈರ್ಯವಾಗಿ ಕನ್ನಡದಲ್ಲೇ ಕೊಡಿ. ನೀವು ಬರೆಯದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಅರ್ಜಿ ಸ್ಪಷ್ಟವಾಗಿದ್ದರೆ ಮೇಜಿನ ಆಚೆ ಕೂತವರಿಗೂ ಅದನ್ನು ಮುಂದಕ್ಕೆ ಕಳಿಸುವುದು ಸುಲಭ.

ವಾಕ್ಯದಲ್ಲಿ ಮೂರು "ರುವುದರಿಂದ" ಸಾಲಾಗಿ ನಿಂತಿವೆ. ಕಾರಣಗಳನ್ನು ಬೇರೆ ಬೇರೆ ವಾಕ್ಯ ಮಾಡಿ. ಏನು ಬೇಕು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಯಾವ ದಿನ, ಎಷ್ಟು ಹೊತ್ತು, ಎಷ್ಟು ತಿಂಗಳು ಎಂದು ಬರೆಯದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಅದು ವ್ಯಾಕರಣದ ತಪ್ಪಲ್ಲ, ಆದರೂ ಹೇಳಿದೆ.

ಪೆರ್ಲದ ಕಾರ್ಯದರ್ಶಿ

ಮತ್ತೆ ಬರೆದೆ:

"ಮಾನ್ಯರೇ, ನಮ್ಮ ಘಟಕದ ಹೊಲಿಗೆ ತರಗತಿಗೆ ಸಭಾಂಗಣವನ್ನು ಮೂರು ತಿಂಗಳ ಕಾಲ ಪ್ರತಿ ಶನಿವಾರ ಮಧ್ಯಾಹ್ನ 2ರಿಂದ 4ರವರೆಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಘಟಕದ ಹನ್ನೆರಡು ಸದಸ್ಯೆಯರು ಹೊಲಿಗೆ ಕಲಿಯಲು ಮುಂದೆ ಬಂದಿದ್ದಾರೆ. ಕಲಿಸಲು ಒಬ್ಬ ಟೀಚರ್ ಒಪ್ಪಿದ್ದಾರೆ. ಕಳೆದ ವಾರ ನಮ್ಮ ಅಧ್ಯಕ್ಷರು ಟೀಚರನ್ನು ಕಂಡು ಅವರ ಮನೆಯಲ್ಲಿ ಸ್ಥಳ ಕಡಿಮೆ ಎಂದು ತಿಳಿಸಿದರು. ಹೊಲಿಗೆ ಯಂತ್ರಗಳನ್ನು ನಾವೇ ತರುತ್ತೇವೆ. ತರಗತಿ ಮುಗಿದ ಮೇಲೆ ಸಭಾಂಗಣವನ್ನು ನಮ್ಮ ಘಟಕವೇ ಗುಡಿಸಿ ಬೀಗ ಹಾಕಿ ಕೀಲಿಯನ್ನು ಕಚೇರಿಗೆ ಒಪ್ಪಿಸುತ್ತದೆ."

ಕೊನೆಯ ವಾಕ್ಯದಲ್ಲಿ ಗುಡಿಸುವುದು, ಬೀಗ ಹಾಕುವುದು, ಒಪ್ಪಿಸುವುದು ಮೂರೂ ಒಂದೇ ಕರ್ತೃ. ಅದಕ್ಕೆ ಒಂದೇ ವಾಕ್ಯ ಮಾಡಿದೆ. ಸರಿ ಉಂಟಾ?

ಹಳೇ ಮಾಷ್ಟ್ರು

ಕೊನೆಯ ವಾಕ್ಯ ಸರಿ ಉಂಟು. ನಾಲ್ಕನೆಯದು ನೋಡಿ. "ಅವರ ಮನೆ" ಎಂದರೆ ಅಧ್ಯಕ್ಷರದ್ದಾ, ಟೀಚರದ್ದಾ? ಅಧ್ಯಕ್ಷರದ್ದಾದರೆ "ತಮ್ಮ ಮನೆಯಲ್ಲಿ" ಎಂದು ಮಾಡಿ. ಟೀಚರದ್ದಾದರೆ ಆ ವಾಕ್ಯ ಪೂರ್ತಿ ತೆಗೆದು "ಟೀಚರ ಮನೆಯಲ್ಲಿ ಅಷ್ಟು ಜನರಿಗೆ ಸ್ಥಳವಿಲ್ಲ" ಎಂದಷ್ಟೇ ಬರೆಯಿರಿ. ಮತ್ತೆ ಸಹಿ, ದಿನಾಂಕ ಹಾಕಿ ಕೊಡಿ.

ಪೆರ್ಲದ ಕಾರ್ಯದರ್ಶಿ

ಟೀಚರದ್ದು, ಮಾಷ್ಟ್ರೇ. ಬದಲಾಯಿಸಿದೆ. ಸೋಮವಾರ ಕೊಡುತ್ತೇನೆ.